ಎಳೆಯ ನಕ್ಷತ್ರಗಳ ದೂರವನ್ನು ಅಳೆಯುವ ಬಗೆ

ಮಾಗಿಯ ರಾತ್ರಿ ಪದ್ಮನಾಭನಗರದ ಯಾವ ಮನೆಯ ತಾರಸಿಯ ಮೇಲೆ ನಿಂತರೂ, ಊರಿನ ದೀಪಗಳ ನಡುವೆಯೇ ಮಹಾವ್ಯಾಧನ ನಡುಕಟ್ಟಿನ ಮೂರು ನಕ್ಷತ್ರಗಳು ಕಾಣುತ್ತವೆ. ಅವುಗಳ ಕೆಳಗೆ ಮಬ್ಬಾದ ಚುಕ್ಕೆಯೊಂದುಂಟು. ನಕ್ಷತ್ರಗಳು ಇಂದಿಗೂ ಹುಟ್ಟುತ್ತಿರುವ ನೀಹಾರಿಕೆ ಅದು. ಅದರ ದೂರವನ್ನು ತಿಳಿದ ಬಗೆಯನ್ನು, ನನ್ನಂತೆ ಕಲಾವಿಭಾಗದಲ್ಲಿ ಓದುವವರಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇನೆ.

ಈ ವಿದ್ಯೆ ನಮ್ಮೂರಿಗೆ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಸೈನ್ಯಾಧಿಕಾರಿ ಕೃಷ್ಣರಾಜಪುರದಿಂದ ಅಗರದವರೆಗೆ 7 ಮೈಲಿಗಿಂತ ತುಸು ಹೆಚ್ಚಿನ ನೇರ ಗೆರೆಯೊಂದನ್ನು ಉಕ್ಕಿನ ಸರಪಣಿ ಹಾಸಿ ಅಳೆಸಿದನು. ಇಂಥ ಗೆರೆಯ ಎರಡು ತುದಿಗಳಿಂದಲೂ ದೂರದ ಗುಡ್ಡವನ್ನು ನೋಡಿ ಕೋನಗಳನ್ನು ಗುರುತಿಸಿಕೊಂಡರೆ ಸಾಕು. ಗುಡ್ಡದವರೆಗೆ ಸರಪಣಿ ಎಳೆಯಬೇಕಾದುದಿಲ್ಲ. ತ್ರಿಭುಜದ ಉಳಿದ ಭುಜಗಳನ್ನು ಲೆಕ್ಕವೇ ಹೇಳುತ್ತದೆ.

ನಕ್ಷತ್ರಗಳಿಗೆ 7 ಮೈಲಿಯ ಪಾದ ಏನೇನೂ ಸಾಲದು. ಆದುದರಿಂದ ಭೂಮಿಯ ಪ್ರದಕ್ಷಿಣಪಥದ ವ್ಯಾಸವನ್ನೇ, ಅಂದರೆ ಸುಮಾರು 30 ಕೋಟಿ ಕಿಲೋಮೀಟರುಗಳನ್ನೇ, ಪಾದವಾಗಿ ಇಟ್ಟುಕೊಳ್ಳುತ್ತಾರೆ. ಆರು ತಿಂಗಳ ಅಂತರದಲ್ಲಿ ನೋಡಿದಾಗ, ಬಹುದೂರದ ಹಿನ್ನೆಲೆಯ ಎದುರಿಗೆ ನಕ್ಷತ್ರ ಕೊಂಚ ಸರಿದಂತೆ ತೋರುತ್ತದೆ. ಈ ಸರಿತದ ಅರ್ಧವೇ ಲಂಬನ. ಮಹಾವ್ಯಾಧನ ನೀಹಾರಿಕೆಗೆ ಅದು ಎಷ್ಟು ಕಿರಿದೆಂದರೆ, ದೆಹಲಿಯಲ್ಲಿ ಹಿಡಿದ ರೂಪಾಯಿ ನಾಣ್ಯ ಬೆಂಗಳೂರಿನಿಂದ ಎಷ್ಟು ಅಗಲವಾಗಿ ತೋರೀತೋ ಸರಿಸುಮಾರು ಅಷ್ಟು!

ಮತ್ತೊಂದು ತೊಡಕು ಧೂಳು. ಹಸುಗೂಸನ್ನು ಬಾಣಂತಿಯ ಕೋಣೆಯಲ್ಲಿ ಗಾಳಿ ಬೆಳಕು ಸೋಕದಂತೆ ಇಡುವ ಹಾಗೆ, ಎಳೆಯ ನಕ್ಷತ್ರಗಳು ಹುಟ್ಟಿದ ಮೋಡದೊಳಗೇ ಮುಚ್ಚಿಕೊಂಡಿರುತ್ತವೆ. 2013ರಲ್ಲಿ ಹಾರಿಸಿ 2025ರಲ್ಲಿ ನಿಲ್ಲಿಸಿದ ಯೂರೋಪಿನ ಗಾಯಾ ಉಪಗ್ರಹ ನೂರು ಕೋಟಿಗೂ ಮಿಕ್ಕ ನಕ್ಷತ್ರಗಳನ್ನು ಅಳೆದರೂ, ದಟ್ಟ ಧೂಳಿನ ಹಿಂದಿನದು ಅದರ ಕಣ್ಣಿಗೆ ಬೀಳಲಿಲ್ಲ. ರೇಡಿಯೋ ಅಲೆಗಳಿಗೆ ಧೂಳಿನ ಅಡ್ಡಿಯಿಲ್ಲ. ಪ್ರಬಲ ಕಾಂತಕ್ಷೇತ್ರವುಳ್ಳ ಕೆಲವು ಎಳೆಯ ನಕ್ಷತ್ರಗಳು ಇಂಥ ಅಲೆಗಳನ್ನು ಹೊಮ್ಮಿಸುತ್ತವೆ. ಹವಾಯಿಯಿಂದ ಕೆರಿಬಿಯನ್ ದ್ವೀಪದವರೆಗೆ ಹರಡಿದ ಅಮೆರಿಕದ ಹತ್ತು ರೇಡಿಯೋ ದೂರದರ್ಶಕಗಳನ್ನು ಒಂದೇ ಕಣ್ಣೆಂಬಂತೆ ಕೂಡಿಸಿ, ಅಂಥ ನಾಲ್ಕು ನಕ್ಷತ್ರಗಳನ್ನು ಅಳೆದರು. 2007ರಲ್ಲಿ ಪ್ರಕಟವಾದ ಉತ್ತರ: ಸುಮಾರು 1,350 ಜ್ಯೋತಿರ್ವರ್ಷ. ಹಿಂದೆ 1,500ರ ಆಸುಪಾಸಿನ ಅಂಕಿಗಳು ಬಳಕೆಯಲ್ಲಿದ್ದವು.

ಇಷ್ಟು ವ್ಯತ್ಯಾಸಕ್ಕೆ ಇಷ್ಟು ಗದ್ದಲವೇಕೆ ಎನ್ನಬಹುದು. ದೂರವು 10ರಲ್ಲಿ 1 ಪಾಲು ತಗ್ಗಿದರೆ, ನಕ್ಷತ್ರದ ನಿಜವಾದ ಕಾಂತಿಯ ಲೆಕ್ಕ 100ರಲ್ಲಿ 19 ಪಾಲು ಇಳಿಯುತ್ತದೆ. ಎಳೆಯ ನಕ್ಷತ್ರ ಕುಗ್ಗುತ್ತ ಹೋದಂತೆ ಮಂಕಾಗುತ್ತದೆ. ಆದುದರಿಂದ ಕಾಂತಿ ಕಡಿಮೆಯೆಂದರೆ ವಯಸ್ಸು ಹೆಚ್ಚು. ಹೀಗೆ ಅಳತೆಯೊಂದು ತಿದ್ದಿದೊಡನೆ ಆ ಇಡೀ ಸಮೂಹ ನಾವೆಣಿಸಿದುದಕ್ಕಿಂತ ಹಳೆಯದಾಯಿತು. ಅವುಗಳ ಸುತ್ತ ಗ್ರಹಗಳು ರೂಪುಗೊಳ್ಳಲು ಎಷ್ಟು ಕಾಲ ಹಿಡಿಯಿತೆಂಬ ಲೆಕ್ಕವೂ ಅದರೊಡನೆ ಬದಲಾಗುತ್ತದೆ.