ಬಣ್ಣ ಒಂದು ಕಂಪನಿಯದು, ಪೈಲಟ್ ಇನ್ನೊಂದರವನು

ಅಮೆರಿಕದ ಯಾವುದೋ ದೊಡ್ಡ ವಿಮಾನ ಕಂಪನಿ ಸಾವಿರಾರು ಪೈಲಟ್‌ಗಳನ್ನು ಮನೆಗೆ ಕಳಿಸಿತು ಎಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಮಾತು: ‘ಹಾರಾಟವೇ ಇಲ್ಲ ಅಂದಮೇಲೆ ಪೈಲಟ್‌ಗಳನ್ನ ಇಟ್ಕೊಂಡು ಏನ್ ಮಾಡ್ತಾರೆ ಪಾಪ?’ ಹೀಗೆ ಹೇಳುವವರಲ್ಲಿ ಎಂಜಿನಿಯರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದವರೂ ಇದ್ದಾರೆ. ಈ ಕೊನೆಯವರ ಮೇಲೆ ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಷಿಕಾಗೋದಲ್ಲಿ ಇಳಿದು ಮಗಳ ಊರಿಗೆ ಹಿಡಿದ ಪುಟ್ಟ ವಿಮಾನದ ಬಾಗಿಲ ಪಕ್ಕದಲ್ಲೇ ಅವರ ಪ್ರಶ್ನೆಗೆ ಉತ್ತರ ಬರೆದಿರುತ್ತದೆ. ಅಕ್ಷರ ಚಿಕ್ಕದು, ಅಷ್ಟೆ.

ಯುನೈಟೆಡ್ ಏರ್‌ಲೈನ್ಸ್‌ನ 2008ರ ಕಥೆಯನ್ನೇ ತೆಗೆದುಕೊಳ್ಳಿ. ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ ವರ್ಷ ಅದು. ತನ್ನ 94 ಬೋಯಿಂಗ್ 737ಗಳನ್ನೂ ಆರು 747ಗಳನ್ನೂ ಹಾರಾಟದಿಂದ ತೆಗೆಯುವುದಾಗಿ ಕಂಪನಿ ಸಾರಿತು. ಅದರ ಬೆನ್ನಿಗೇ 1,437 ಪೈಲಟ್‌ಗಳು ಫರ್ಲೋ ಆದರು. ಫರ್ಲೋ ಎಂದರೆ ಸಂಬಳ ಬಂದ್. ಸೀನಿಯಾರಿಟಿ ನಂಬರ್ ಮಾತ್ರ ಉಳಿಯುತ್ತದೆ, ಕರೆ ಬರುವವರೆಗೆ ಕಾಯಬೇಕು. ವಿಮಾನ ಹೋಯಿತು, ಪೈಲಟ್ ಹೋದ, ಲೆಕ್ಕ ಸರಿಹೋಯಿತಲ್ಲ ಎನ್ನುತ್ತೀರಿ. ಸರಿಹೋಗಲಿಲ್ಲ. ಆ 737ಗಳು ಹೋಗುತ್ತಿದ್ದ ಎಷ್ಟೋ ಊರುಗಳಿಗೆ ಯುನೈಟೆಡ್ ಟಿಕೆಟ್ ಸಿಗುತ್ತಲೇ ಇತ್ತು. ಅದೇ ಲೋಗೋ, ಅದೇ ಬಣ್ಣ. ಬಂದು ನಿಂತದ್ದು ಮಾತ್ರ 70 ಸೀಟಿನ ಜೆಟ್, ಹೆಸರು ಯುನೈಟೆಡ್ ಎಕ್ಸ್‌ಪ್ರೆಸ್. ಅದನ್ನು ಹಾರಿಸುತ್ತಿದ್ದವರು ಸ್ಕೈವೆಸ್ಟ್, ಮೇಸಾ, ಗೋಜೆಟ್, ಶಟಲ್ ಅಮೆರಿಕ ಎಂಬ ಬೇರೆಯೇ ಕಂಪನಿಗಳ ನೌಕರರು; ಅವರ ಸಂಬಳ ಯುನೈಟೆಡ್ ಪೈಲಟ್‌ನ ಸಂಬಳದ ಹತ್ತಿರಕ್ಕೂ ಬರುತ್ತಿರಲಿಲ್ಲ.

ಕೆಲಸವೆಲ್ಲ ಹೀಗೇ ಕೈಬದಲಾಯಿತು ಎಂದು ನಾನು ಹೇಳುತ್ತಿಲ್ಲ. ತೈಲದ ಬೆಲೆ ಸುಳ್ಳಲ್ಲ, ಆ ವರ್ಷದ ಆರ್ಥಿಕ ಕುಸಿತ ಸುಳ್ಳಲ್ಲ, 747 ಹಾರುತ್ತಿದ್ದ ಸಾಗರದಾಚೆಯ ಮಾರ್ಗವನ್ನು ಯಾವ ಗುತ್ತಿಗೆ ಕಂಪನಿಯೂ ಹಿಡಿಯಲಿಲ್ಲ. ಆದರೆ ಫರ್ಲೋ ಪತ್ರ ಕೈಯಲ್ಲಿ ಹಿಡಿದು ಊರಿಗೆ ಹೊರಟ ಪೈಲಟ್, ತನ್ನ ಕಂಪನಿಯ ಬಣ್ಣ ಬಳಿದ ವಿಮಾನದಲ್ಲಿ ಪ್ರಯಾಣಿಕನಾಗಿ ಕೂತು, ಅದನ್ನು ಹಾರಿಸುತ್ತಿರುವವರು ತನ್ನ ಕಂಪನಿಯವರಲ್ಲ ಎಂದು ಕಂಡಾಗ ಅವನಿಗೆ ‘ಹಾರಾಟ ಕಡಿಮೆಯಾಗಿದೆ’ ಎಂದು ಸಮಾಧಾನ ಹೇಳಲು ಹೋಗಬೇಡಿ.

ವ್ಯವಹಾರ ನಡೆಯುವುದು ಹೀಗೆ. ಟಿಕೆಟ್ ಮಾರುವುದು, ದರ ಕಟ್ಟುವುದು, ವೇಳಾಪಟ್ಟಿ ಮಾಡುವುದು ದೊಡ್ಡ ಕಂಪನಿ. ಇಂಧನದ ಬಿಲ್ಲೂ ಸಾಮಾನ್ಯವಾಗಿ ಅದರದೇ. ಸಣ್ಣ ಕಂಪನಿ ಹೇಳಿದ ಹೊತ್ತಿಗೆ ವಿಮಾನ ಹಾರಿಸಿ, ಹಾರಾಟಕ್ಕೆ ಇಷ್ಟು ಎಂದು ಹಣ ಪಡೆಯುತ್ತದೆ. ವಿಮಾನ ತುಂಬಿದ್ದರೂ ಖಾಲಿ ಹೋದರೂ ಅದಕ್ಕೆ ಬರುವ ದುಡ್ಡು ಹೆಚ್ಚುಕಡಿಮೆ ಅಷ್ಟೆ. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ ಹತ್ತಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಸ್ಸಿನ ಮೇಲೆ ಬಿಎಂಟಿಸಿ ಹೆಸರು, ಟಿಕೆಟ್ ಕೊಡುವ ಕಂಡಕ್ಟರ್ ಬಿಎಂಟಿಸಿಯವರು, ಡ್ರೈವರ್ ಗುತ್ತಿಗೆ ಕಂಪನಿಯವರು, ಗುತ್ತಿಗೆದಾರರಿಗೆ ದುಡ್ಡು ಕಿಲೋಮೀಟರ್ ಲೆಕ್ಕದಲ್ಲಿ. ಅಮೆರಿಕದಲ್ಲಿ ಸ್ಕೈವೆಸ್ಟ್ ಒಂದೇ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ನಾಲ್ವರಿಗೂ ಹಾರುತ್ತದೆ. ಒಬ್ಬರಿಗೊಬ್ಬರು ಬದ್ಧ ಪೈಪೋಟಿ ಎಂದು ಜಾಹೀರಾತು ಕೊಡುವ ನಾಲ್ವರು!

ಪೈಲಟ್ ಸಂಘಗಳು ಇದನ್ನು ಸುಮ್ಮನೆ ನೋಡಿಕೊಂಡು ಕೂತಿರಲಿಲ್ಲ. ಅವರ ಒಪ್ಪಂದದಲ್ಲಿ ಸ್ಕೋಪ್ ಕ್ಲಾಜ್ ಎಂಬ ಭಾಗವೊಂದಿದೆ. ಎಷ್ಟು ಸೀಟಿನವರೆಗೆ, ಎಷ್ಟು ತೂಕದವರೆಗೆ, ಎಷ್ಟು ವಿಮಾನಗಳನ್ನು ಹೊರಗುತ್ತಿಗೆಗೆ ಕೊಡಬಹುದು ಎಂಬ ಗೆರೆ ಅದರಲ್ಲಿದೆ. ಆ ಗೆರೆ ಹಿಂದೆ ಸರಿದ ಕಾಲವನ್ನು ಗಮನಿಸಿ. 2001ರ ಸೆಪ್ಟೆಂಬರ್ ದಾಳಿಯ ನಂತರ ಕಂಪನಿಗಳು ಒಂದೊಂದಾಗಿ ದಿವಾಳಿ ಕೋರ್ಟಿಗೆ ಹೋದವು. ಅಲ್ಲಿ ನ್ಯಾಯಾಧೀಶರು ಕಾರ್ಮಿಕ ಒಪ್ಪಂದವನ್ನೇ ರದ್ದು ಮಾಡಬಹುದು ಎಂಬ ಕತ್ತಿ ತಲೆಯ ಮೇಲಿರುವಾಗ ಯುನೈಟೆಡ್ ಪೈಲಟ್‌ಗಳು 2003ರಲ್ಲಿ 70 ಸೀಟಿನ ಜೆಟ್‌ಗಳನ್ನು ಬಿಟ್ಟುಕೊಟ್ಟರು. ಅದಕ್ಕೂ ಮುಂಚೆ ಗೆರೆ ಇದ್ದದ್ದು 50ಕ್ಕೆ. ಇವತ್ತು ಯುನೈಟೆಡ್, ಡೆಲ್ಟಾ, ಅಮೆರಿಕನ್ ಮೂರೂ ದೊಡ್ಡ ಕಂಪನಿಗಳಲ್ಲಿ ಅದು 76 ಸೀಟು, 86,000 ಪೌಂಡ್ ತೂಕ. ಮಾರುಕಟ್ಟೆ ತಾನಾಗಿ ತೀರ್ಮಾನಿಸಿತು ಎಂದು ಪಾಠ ಹೇಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

2010ರಲ್ಲಿ ಯುನೈಟೆಡ್ ಮತ್ತು ಕಾಂಟಿನೆಂಟಲ್ ಒಂದಾದವು. ಕಾಂಟಿನೆಂಟಲ್ ಪೈಲಟ್‌ಗಳ ಒಪ್ಪಂದದಲ್ಲಿ ಜೆಟ್ ಗೆರೆ ಇನ್ನೂ 50 ಸೀಟಿನಲ್ಲೇ ಇತ್ತು. ವಿಲೀನದ ಶಾಯಿ ಆರುವ ಮುಂಚೆಯೇ ಕಂಪನಿ 70 ಸೀಟಿನ ಗುತ್ತಿಗೆ ಜೆಟ್‌ಗಳನ್ನು ಕಾಂಟಿನೆಂಟಲ್ ನೆಲೆಗಳಿಂದ ಹಾರಿಸಲು ಹೊರಟಿತು. ಸಂಘ ಮಧ್ಯಸ್ಥಗಾರರ ಮುಂದೆ ಹೋಯಿತು, ಆ ವರ್ಷದ ಕೊನೆಯಲ್ಲಿ ಗೆದ್ದೂ ಗೆದ್ದಿತು. ಅದೇ ಹೊತ್ತಿಗೆ ವಾಷಿಂಗ್ಟನ್–ಮ್ಯಾಡ್ರಿಡ್ ನಡುವೆ ಯುನೈಟೆಡ್ ಟಿಕೆಟ್ ಮಾರುತ್ತಿತ್ತು, ವಿಮಾನ ಮಾತ್ರ ಐರ್ಲೆಂಡಿನ ಏರ್ ಲಿಂಗಸ್‌ನದು. 1,437 ಜನರಲ್ಲಿ ಬಹುಪಾಲು ಆಗಲೂ ಮನೆಯಲ್ಲೇ ಇದ್ದರು.

ಇದನ್ನೆಲ್ಲ ಹೇಳಿದರೆ ಕೇಳುವವರು ತಟ್ಟನೆ ಇನ್ನೊಂದು ತುದಿಗೆ ಜಿಗಿಯುತ್ತಾರೆ: ಹಾಗಾದರೆ ಸಣ್ಣ ಕಂಪನಿಯ ಪೈಲಟ್‌ಗಳೇ ಕೆಲಸ ಕದ್ದವರು! ಅಯ್ಯೋ, ಅವರ ಪಾಡು ಕೇಳಿ. 2001ರ ನಂತರ ಅಮೆರಿಕನ್ ಏರ್‌ಲೈನ್ಸ್ ಫರ್ಲೋ ಮಾಡಿದ ಪೈಲಟ್‌ಗಳಿಗೆ ಒಪ್ಪಂದದ ಪ್ರಕಾರ ಅದರದೇ ಅಂಗಸಂಸ್ಥೆ ಅಮೆರಿಕನ್ ಈಗಲ್‌ನಲ್ಲಿ ಕ್ಯಾಪ್ಟನ್ ಸೀಟು ಸಿಕ್ಕಿತು. ಅಲ್ಲಿ ವರ್ಷಗಟ್ಟಲೆ ದುಡಿದು ಕ್ಯಾಪ್ಟನ್ ಆದವರು ಮತ್ತೆ ಬಲಗಡೆಯ ಸಹ ಪೈಲಟ್ ಸೀಟಿಗೆ ಸರಿಯಬೇಕಾಯಿತು. ಡೆಲ್ಟಾದ ಅಂಗಸಂಸ್ಥೆ ಕೊಮೇರ್‌ನ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಹೂಡಿ ಒಳ್ಳೆಯ ಸಂಬಳ ಪಡೆದರು. 2012ರಲ್ಲಿ ಡೆಲ್ಟಾ ಆ ಕಂಪನಿಯನ್ನೇ ಮುಚ್ಚಿತು. 2020ರಲ್ಲಿ ಯುನೈಟೆಡ್ ಒಂದೇ ಮಾದರಿಯ ಜೆಟ್ ಹಾರಿಸುತ್ತಿದ್ದ ಎಕ್ಸ್‌ಪ್ರೆಸ್‌ಜೆಟ್ ಮತ್ತು ಕಮ್ಯೂಟ್‌ಏರ್ ನಡುವೆ ಒಬ್ಬರನ್ನು ಆರಿಸಿಕೊಂಡಿತು. ಎಕ್ಸ್‌ಪ್ರೆಸ್‌ಜೆಟ್‌ನ ಯುನೈಟೆಡ್ ಹಾರಾಟ ಆ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮೇಲಿನವನಿಗೆ ಕೆಳಗಿನವನನ್ನು ತೋರಿಸಿ ಹೆದರಿಸುವುದು, ಕೆಳಗಿನವನಿಗೆ ಪಕ್ಕದವನನ್ನು ತೋರಿಸುವುದು. ಎರಡು ಯೂನಿಫಾರ್ಮ್‌ಗಳೂ ಒಂದನ್ನೊಂದು ಬೈದುಕೊಂಡು ಇದ್ದರೆ ಆಡಳಿತ ಮಂಡಳಿಗೆ ಅದಕ್ಕಿಂತ ಇನ್ನೇನು ಬೇಕು?

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ‘ಅಷ್ಟು ಅನುಭವ ಇದ್ದರೆ ಬೇರೆ ಕಂಪನಿ ಅದೇ ಸಂಬಳ ಕೊಟ್ಟು ಕರೆದುಕೊಳ್ಳುತ್ತದೆ’: ಇಲ್ಲ, ಸೀನಿಯಾರಿಟಿ ಕಂಪನಿ ದಾಟುವುದಿಲ್ಲ, ಇಪ್ಪತ್ತು ವರ್ಷ ಹಾರಿಸಿದವನೂ ಹೊಸ ಕಡೆ ಪಟ್ಟಿಯ ಬುಡದಿಂದಲೇ ಶುರು ಮಾಡಬೇಕು. ‘ಫರ್ಲೋದಲ್ಲಿ ಕೆಲಸ ಬಾರದವರನ್ನು ಕಳಿಸುತ್ತಾರೆ’: ಕಳಿಸುವುದು ಕೊನೆಗೆ ಸೇರಿದವರನ್ನು, ಅವರು ಎಷ್ಟೇ ಚುರುಕಾಗಿರಲಿ. ‘ಸಣ್ಣ ವಿಮಾನದಲ್ಲಿ ಕಲಿಯುವ ಹುಡುಗರು’: 2013ರಿಂದ ಇಬ್ಬರೂ ಪೈಲಟ್‌ಗಳಿಗೆ ದೊಡ್ಡ ಕಂಪನಿಯವರಿಗಿರುವ ಲೈಸೆನ್ಸೇ ಬೇಕು, ಸಾಮಾನ್ಯವಾಗಿ 1,500 ಗಂಟೆ ಹಾರಾಟ. ಆ ನಿಯಮ ಬಂದದ್ದು 2009ರಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ. ತಮಾಷೆಯೆಂದರೆ, ಆ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚೇ ಅನುಭವ ಇತ್ತು. ವಿಚಾರಣೆಯಲ್ಲಿ ಜನರನ್ನು ಬೆಚ್ಚಿಬೀಳಿಸಿದ್ದು ಬೇರೆ: ಸಹ ಪೈಲಟ್‌ನ ಪುಡಿಗಾಸಿನ ಸಂಬಳ, ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಡ್ಯೂಟಿ ಹಿಡಿದದ್ದು. ಆ ವಿಮಾನದ ಮೇಲಿದ್ದ ಹೆಸರು ಕಾಂಟಿನೆಂಟಲ್ ಕನೆಕ್ಷನ್. ‘ಈಗಲೂ ಅವರಿಗೆ ಪುಡಿಗಾಸೇ’ ಎಂಬುದೂ ಹಳಸಿದ ಮಾತು. 2022ರಿಂದ ಸಂಬಳ ಚೆನ್ನಾಗಿಯೇ ಏರಿದೆ.

ಆ ದುರಂತದ ಮರುವರ್ಷ ಬಂದ ಕಾನೂನು, ವಿಮಾನ ಹಾರಿಸುವ ಕಂಪನಿಯ ಹೆಸರನ್ನು ಟಿಕೆಟ್ ಹುಡುಕಿದಾಗಲೇ ತೋರಿಸಬೇಕು ಎಂದಿತು. ತೋರಿಸುತ್ತಿದ್ದಾರೆ. ಯಾರು ಓದುತ್ತಾರೆ? ಯಾವ ಸೀಟಿನಲ್ಲಿ ಕೂತರೆ ಬದುಕುಳಿಯುತ್ತೀರಿ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ನಲವತ್ತು ಜನಕ್ಕೆ ಕಳಿಸುವ ನಾವು ನಮ್ಮದೇ ಟಿಕೆಟ್ಟಿನ ಎರಡನೇ ಸಾಲು ನೋಡುವುದಿಲ್ಲ. ಕಂಪನಿ ‘ಬೇಡಿಕೆಗೆ ತಕ್ಕಂತೆ ಹೊಂದಾಣಿಕೆ’ ಎಂದರೆ ಹೌದಪ್ಪ ಎನ್ನುತ್ತೇವೆ. ಸಂಘದವರು ಬಾಯಿ ತೆರೆದರೆ ಮಾತ್ರ ಲೆಕ್ಕ ಕೇಳುತ್ತೇವೆ.

ಇತ್ತೀಚಿನ ಮುಗ್ಧತೆ ಇನ್ನೂ ಸೊಗಸಾಗಿದೆ. 2019ರಿಂದ ಯುನೈಟೆಡ್ ಎಕ್ಸ್‌ಪ್ರೆಸ್‌ನಲ್ಲಿ ಸಿಆರ್‌ಜೆ-550 ಎಂಬ ವಿಮಾನ ಇದೆ. 70 ಸೀಟು ಹಿಡಿಸುವ ಜೆಟ್, ಆದರೆ ಇರುವುದು 50 ಸೀಟು. ಬ್ಯಾಗ್ ಇಡಲು ಬೀರುಗಳು, ಫಸ್ಟ್ ಕ್ಲಾಸ್‌ನವರಿಗೆ ತಾವೇ ತೆಗೆದುಕೊಳ್ಳುವ ತಿಂಡಿಯ ಕಟ್ಟೆ. ಪ್ರಯಾಣಿಕರ ಮೇಲೆ ಎಂಥ ಪ್ರೀತಿ ಎಂದು ಹೊಗಳುವವರಿದ್ದಾರೆ. ಒಪ್ಪಂದದ ಪ್ರಕಾರ ಹೊರಗೆ ಕೊಡಬಹುದಾದ 70 ಮತ್ತು 76 ಸೀಟಿನ ಜೆಟ್‌ಗಳ ಪಾಲನ್ನು ಕಂಪನಿ ಪೂರ್ತಿ ಬಳಸಿಯಾಗಿತ್ತು, 50 ಸೀಟಿನದಕ್ಕೆ ಮಾತ್ರ ಜಾಗ ಉಳಿದಿತ್ತು. ಅದಕ್ಕೇ ಇಪ್ಪತ್ತು ಸೀಟು ಕಿತ್ತರು. ಬೀರು ಬಂದದ್ದು ಆ ಖಾಲಿ ಜಾಗಕ್ಕೆ.