ಬೆರ್ರಿಯೆಸಾ ಪಕ್ಕದ ಸಿನಿಮಾ ಊರು: ಬ್ರಾಂಕೊ ಬಿಲ್ಲಿ ಕುರಿತ ಏಳು ತಪ್ಪು ಕಲ್ಪನೆಗಳು

ಬೇ ಏರಿಯಾದ ಬೆರ್ರಿಯೆಸಾದಲ್ಲಿ ಬಾರ್ಟ್ ರೈಲು ಹತ್ತಿದರೆ ಮಿಲ್ಪಿಟಸ್, ವಾರ್ಮ್ ಸ್ಪ್ರಿಂಗ್ಸ್ ಆದ ಮೇಲೆ ಮೂರನೆಯದೇ ಫ್ರೀಮಾಂಟ್. ಅಲ್ಲಿಂದ ಮೂರ್ನಾಲ್ಕು ಮೈಲಿ ಹೋದರೆ ಬೆಟ್ಟದ ಬುಡದಲ್ಲಿ ನೈಲ್ಸ್ ಸಿಗುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ನಮ್ಮವರು ಐದಾರು ತಾಸು ಕಾರು ಓಡಿಸಿ ಲಾಸ್ ಏಂಜಲೀಸ್‌ಗೆ ಹೋಗಿ ಹಾಲಿವುಡ್ ತೋರಿಸಿಕೊಂಡು ಬರುತ್ತಾರೆ. ಮನೆಯ ಹತ್ತಿರದಲ್ಲೇ ಇರುವ ನೈಲ್ಸ್ ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನೂರು ವರ್ಷಕ್ಕೂ ಹಿಂದೆ ಅಲ್ಲಿ ಕೂತು ವಾರದಿಂದ ವಾರಕ್ಕೆ ಸಿನಿಮಾ ಮಾಡಿದ ನಿರ್ದೇಶಕ ಗಿಲ್ಬರ್ಟ್ ಎಂ. ಆಂಡರ್ಸನ್. ಜನ ಅವನನ್ನು ಬ್ರಾಂಕೊ ಬಿಲ್ಲಿ ಎಂದೇ ಗುರುತಿಸಿದರು. ಅವನ ಬಗ್ಗೆ, ಅವನ ಕಾಲದ ಬಗ್ಗೆ ಹರಡಿರುವ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಕ್ಯಾಲಿಫೋರ್ನಿಯದಲ್ಲಿ ಸಿನಿಮಾ ಎಂದರೆ ಹಾಲಿವುಡ್ ಒಂದೇ, ಬೇ ಏರಿಯಾದಲ್ಲಿ ಇರುವುದು ಕಂಪ್ಯೂಟರ್ ಮಾತ್ರ.

ವಾಸ್ತವ: ಹಾಲಿವುಡ್ ಇನ್ನೂ ಬೇರು ಬಿಡುತ್ತಿದ್ದ ಹೊತ್ತಿಗೇ ನೈಲ್ಸ್‌ನಲ್ಲಿ ಪೂರ್ಣ ಪ್ರಮಾಣದ ಸ್ಟುಡಿಯೋ ಇತ್ತು. ಆಂಡರ್ಸನ್ 1907ರಲ್ಲಿ ಜಾರ್ಜ್ ಸ್ಪೂರ್ ಜೊತೆ ಸೇರಿ ಷಿಕಾಗೋದಲ್ಲಿ ಎಸ್ಸನೇ ಕಂಪನಿ ಕಟ್ಟಿದ. ಷಿಕಾಗೋದ ಚಳಿಗಾಲದಲ್ಲಿ ಹೊರಾಂಗಣ ಚಿತ್ರೀಕರಣ ಆಗದ ಮಾತು. ಅಂದಿನ ಫಿಲ್ಮಿಗೆ ಧಾರಾಳವಾಗಿ ಬಿಸಿಲು ಬೇಕಿತ್ತು, ಕೌಬಾಯ್ ಕಥೆಗಳಿಗೆ ಬೆಟ್ಟ ಕಣಿವೆ ಬೇಕಿತ್ತು. ಹಾಗಾಗಿ ಆಂಡರ್ಸನ್ ತಂಡ ಕಟ್ಟಿಕೊಂಡು ಕೊಲರಾಡೋ ಸುತ್ತಿದ, ನಮ್ಮ ಇದೇ ಕಣಿವೆಯ ಲಾಸ್ ಗ್ಯಾಟೋಸ್‌ನಲ್ಲಿ, ಆಮೇಲೆ ಸ್ಯಾನ್ ರಫೇಲ್ ಕಡೆ ಚಿತ್ರೀಕರಿಸಿದ. 1912ರಲ್ಲಿ ನೈಲ್ಸ್‌ಗೆ ಬಂದು ನೆಲೆಯೂರಿದ. ಅಲ್ಲಿ ರೈಲು ಮಾರ್ಗ ಕೂಡುತ್ತಿತ್ತು, ಊರಿಗೆ ಅಂಟಿಕೊಂಡೇ ಕಣಿವೆ ಇತ್ತು, ಬಿಸಿಲಿಗೆ ಬರವಿರಲಿಲ್ಲ. 1916ರವರೆಗೆ ಆ ಪುಟ್ಟ ಊರಿನಲ್ಲಿ 350ಕ್ಕೂ ಹೆಚ್ಚು ಚಿತ್ರಗಳು ತಯಾರಾದವು. ಆಗ ಬೆರ್ರಿಯೆಸಾ ಸುತ್ತಮುತ್ತ ಇದ್ದದ್ದು ಏಪ್ರಿಕಾಟ್, ಪ್ರೂನ್ ಹಣ್ಣಿನ ತೋಟಗಳು.

ತಪ್ಪು ಕಲ್ಪನೆ 2: ಬ್ರಾಂಕೊ ಬಿಲ್ಲಿ ಹುಟ್ಟಾ ಕೌಬಾಯ್, ಕುದುರೆಯ ಮೇಲೇ ಬೆಳೆದವನು.

ವಾಸ್ತವ: ಅವನ ಹುಟ್ಟುಹೆಸರು ಮ್ಯಾಕ್ಸ್ ಆರನ್‌ಸನ್. 1880ರ ಮಾರ್ಚ್ 21ರಂದು ಅರ್ಕನ್ಸಾ ರಾಜ್ಯದ ಲಿಟ್ಲ್ ರಾಕ್‌ನಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದ. ನಾಟಕದ ಹುಚ್ಚು ಅವನನ್ನು ನ್ಯೂಯಾರ್ಕ್‌ಗೆ ಎಳೆದೊಯ್ದಿತು. 1903ರಲ್ಲಿ ಎಡ್ವಿನ್ ಪೋರ್ಟರ್ ನಿರ್ದೇಶಿಸಿದ ‘ದಿ ಗ್ರೇಟ್ ಟ್ರೇನ್ ರಾಬರಿ’ಯಲ್ಲಿ ಒಂದಕ್ಕಿಂತ ಹೆಚ್ಚು ಪಾತ್ರ ಮಾಡಿದ. ದರೋಡೆಕೋರರು ಪ್ರಯಾಣಿಕರನ್ನು ರೈಲಿನಿಂದ ಇಳಿಸಿ ಕೈ ಮೇಲೆತ್ತಿಸಿ ಸಾಲಾಗಿ ನಿಲ್ಲಿಸಿರುವಾಗ ಒಬ್ಬ ಮಾತ್ರ ಸಾಲು ಮುರಿದು ಕ್ಯಾಮೆರಾ ಕಡೆಗೇ ಓಡಿಬರುತ್ತಾನೆ. ಬೆನ್ನಿಗೆ ಗುಂಡು ತಗಲಿ, ಎರಡೂ ಕೈ ಚಾಚಿ ಬೀಳುತ್ತಾನೆ. ಆ ಪ್ರಯಾಣಿಕನೇ ಆಂಡರ್ಸನ್. ಪಶ್ಚಿಮದ ಕಥೆ ಹೇಳುವ ಈ ಚಿತ್ರ ತಯಾರಾದದ್ದು ಪೂರ್ವ ಕರಾವಳಿಯ ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ. ಸವಾರಿ ಬರುತ್ತದೆ ಎಂದು ಹೇಳಿ ಕೆಲಸ ಗಿಟ್ಟಿಸಿದ ಆಂಡರ್ಸನ್ ಕುದುರೆಯಿಂದ ಬಿದ್ದ ಪ್ರಸಂಗವನ್ನು ಚಿತ್ರರಂಗದವರು ಇಂದಿಗೂ ಹೇಳುತ್ತಾರೆ. ಹೊರಗಿನಿಂದ ಬಂದವನೊಬ್ಬ ಕಲಿತು, ದುಡಿದು, ಕೌಬಾಯ್ ಚಿತ್ರಗಳ ಮೊದಲ ತಾರೆಯಾದ. ದೂರದಿಂದ ಬಂದು ಇಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಮಾತು ಮನಸ್ಸಿಗೆ ತಟ್ಟಬೇಕು.

ತಪ್ಪು ಕಲ್ಪನೆ 3: ಅವನು ಬರೀ ನಟ, ಹಿಂದೆ ಬೇರೆ ಯಾರೋ ನಿರ್ದೇಶಕರಿದ್ದಿರಬೇಕು.

ವಾಸ್ತವ: ಕಥೆ ಹೊಸೆಯುವುದು, ನಿರ್ದೇಶಿಸುವುದು, ನಾಯಕನಾಗಿ ನಟಿಸುವುದು, ಕಂಪನಿ ನಡೆಸುವುದು ಎಲ್ಲವೂ ಅವನ ತಲೆಯ ಮೇಲೇ ಇತ್ತು. ಆಗಿನ ಚಿತ್ರ ಹೆಚ್ಚಾಗಿ ಒಂದು ರೀಲು, ಹತ್ತು ಹದಿನೈದು ನಿಮಿಷದ್ದು. ಚಿತ್ರಮಂದಿರಗಳಿಗೆ ವಾರವಾರವೂ ಹೊಸದು ಬೇಕಿತ್ತು. ಇಂಥ ಒತ್ತಡದಲ್ಲಿ ಅವನು ಕಂಡುಕೊಂಡ ದಾರಿ ದೊಡ್ಡದು: ಕಥೆ ಬೇರೆಯಾದರೂ ನಾಯಕ ಒಬ್ಬನೇ. ಪ್ರೇಕ್ಷಕ ಆ ಮುಖವನ್ನು ನೋಡಲೆಂದೇ ಮತ್ತೆ ಬರುತ್ತಾನೆ ಎಂಬುದನ್ನು ಅವನು ಬಹಳ ಬೇಗ ಅರಿತ. ತಾರಾಮೌಲ್ಯ ಎಂದು ಇಂದು ನಾವು ಹೇಳುವುದರ ಒಂದು ಬೇರು ಇಲ್ಲಿದೆ. ಹೆಚ್ಚೂ ಕಡಿಮೆ ಅದೇ ಕಾಲಕ್ಕೆ ನಮ್ಮ ದೇಶದಲ್ಲಿ ದಾದಾಸಾಹೇಬ್ ಫಾಲ್ಕೆ ಅವರೂ ಹೀಗೆಯೇ ಎಲ್ಲ ಹೊಣೆಯನ್ನೂ ಹೊತ್ತು ‘ರಾಜಾ ಹರಿಶ್ಚಂದ್ರ’ ಮಾಡಿ 1913ರ ಮೇ 3ರಂದು ತೆರೆಗೆ ತಂದರು. ಆಮೇಲೆ ಮುಂಬಯಿ ಬಿಟ್ಟು ನಾಸಿಕ್‌ಗೆ ಹೋಗಿ ಅಲ್ಲಿ ಚಿತ್ರ ಮಾಡಿದರು.

ತಪ್ಪು ಕಲ್ಪನೆ 4: ಹಳೆಯ ಕೌಬಾಯ್ ಚಿತ್ರವೆಂದರೆ ಬರೀ ಗುಂಡಿನ ಕಾಳಗ.

ವಾಸ್ತವ: 1910ರ ‘ಬ್ರಾಂಕೊ ಬಿಲ್ಲೀಸ್ ರಿಡೆಂಪ್ಷನ್’ನಲ್ಲಿ ಬಿಲ್ಲಿ ಕಾನೂನಿಗೆ ಬೇಕಾದ ಕಳ್ಳ. ದಾರಿಯಲ್ಲಿ ಕಾಯಿಲೆ ಬಿದ್ದವರು ಸಿಗುತ್ತಾರೆ. ಅವರನ್ನು ಉಳಿಸಲು ಹೋದರೆ ತಾನು ಸಿಕ್ಕಿಬೀಳುವುದು ಖಂಡಿತ ಎಂದು ಗೊತ್ತಿದ್ದೂ ಅವನು ಹಿಂದೆ ಸರಿಯುವುದಿಲ್ಲ. ಕೆಟ್ಟ ದಾರಿ ಹಿಡಿದವನ ಎದೆಯಲ್ಲೂ ಒಳ್ಳೆಯತನ ಇರುತ್ತದೆ, ಸಮಯ ಬಂದಾಗ ಅದು ಎದ್ದು ನಿಲ್ಲುತ್ತದೆ ಎಂಬುದೇ ಆ ಕಥೆಗಳ ಜೀವ. ಪಾತ್ರ ಒಮ್ಮೆ ದರೋಡೆಕೋರ, ಇನ್ನೊಮ್ಮೆ ಶೆರಿಫ್. ಪರೀಕ್ಷೆ ಮಾತ್ರ ಪ್ರತಿ ಸಲವೂ ಮನಸ್ಸಾಕ್ಷಿಯದ್ದು.

ತಪ್ಪು ಕಲ್ಪನೆ 5: ಚಾಪ್ಲಿನ್‌ನ ಅಲೆಮಾರಿ ವೇಷ ಹುಟ್ಟಿದ್ದು ನೈಲ್ಸ್‌ನಲ್ಲಿ.

ವಾಸ್ತವ: ಸ್ಥಳಾಭಿಮಾನದಿಂದ ಹುಟ್ಟಿದ ಮಾತು ಇದು. ಬಿಗಿ ಕೋಟು, ಜೋಲುವ ಪ್ಯಾಂಟು, ಬೆತ್ತದ ಆ ವೇಷ 1914ರಲ್ಲೇ, ಲಾಸ್ ಏಂಜಲೀಸ್‌ನ ಕೀಸ್ಟೋನ್ ಕಂಪನಿಯ ಚಿತ್ರಗಳಲ್ಲಿ ತೆರೆಗೆ ಬಂದಿತ್ತು. ಎಸ್ಸನೇ ಚಾಪ್ಲಿನ್‌ನನ್ನು ವಾರಕ್ಕೆ 1,250 ಡಾಲರ್ ಸಂಬಳ, ಜೊತೆಗೆ 10,000 ಡಾಲರ್ ಬೋನಸ್ ಕೊಟ್ಟು ಕರೆತಂದಿತು. ಮೊದಲ ಚಿತ್ರ ಷಿಕಾಗೋದಲ್ಲಿ. ಆಮೇಲೆ 1915ರ ಮೊದಲ ತಿಂಗಳುಗಳಲ್ಲಿ ನೈಲ್ಸ್‌ನಿಂದ ಐದು ಚಿತ್ರ: ‘ಎ ನೈಟ್ ಔಟ್’, ‘ದಿ ಚಾಂಪಿಯನ್’, ‘ಇನ್ ದಿ ಪಾರ್ಕ್’, ‘ಎ ಜಿಟ್ನಿ ಎಲೋಪ್‌ಮೆಂಟ್’, ‘ದಿ ಟ್ರ್ಯಾಂಪ್’. ‘ದಿ ಚಾಂಪಿಯನ್’ನ ಬಾಕ್ಸಿಂಗ್ ಕಣದ ಸುತ್ತ ಕೂತ ಪ್ರೇಕ್ಷಕರಲ್ಲಿ ಆಂಡರ್ಸನ್ ಕೂಡ ಒಬ್ಬ.

ವೇಷ ಅಲ್ಲಿ ಹುಟ್ಟಲಿಲ್ಲ, ಆದರೆ ಅದಕ್ಕೆ ಅಂತಃಕರಣ ತುಂಬಿದ್ದರಲ್ಲಿ ನೈಲ್ಸ್‌ನ ಪಾಲು ದೊಡ್ಡದು. ‘ದಿ ಟ್ರ್ಯಾಂಪ್’ ಚಿತ್ರದ ಕೊನೆಯನ್ನು ಒಮ್ಮೆ ಗಮನವಿಟ್ಟು ನೋಡಿ. ತಾನು ಮೆಚ್ಚಿದ ಹುಡುಗಿಗೆ ಬೇರೆ ಪ್ರಿಯಕರನಿದ್ದಾನೆ ಎಂದು ತಿಳಿದ ಅಲೆಮಾರಿ ಚೀಟಿ ಬರೆದಿಟ್ಟು ಹೊರಡುತ್ತಾನೆ. ಮಣ್ಣಿನ ರಸ್ತೆ, ನಮಗೆ ಕಾಣುವುದು ಬೆನ್ನು ಮಾತ್ರ. ಹೆಗಲು ಜೋತುಬಿದ್ದಿದೆ. ನಾಲ್ಕು ಹೆಜ್ಜೆ ಹಾಕಿದವನು ತಟ್ಟನೆ ಮೈ ಕೊಡವಿ, ಕಾಲು ಝಾಡಿಸಿ, ಚುರುಕಾಗಿ ನಡೆದುಬಿಡುತ್ತಾನೆ. ನಗಿಸುತ್ತ ಬಂದವನು ಇಲ್ಲಿ ಕಣ್ಣು ತೇವ ಮಾಡುತ್ತಾನೆ. ಮುಂದಿನ ಚಾಪ್ಲಿನ್ ಚಿತ್ರಗಳ ದಾರಿ ಈ ದೃಶ್ಯದಲ್ಲಿ ನಿಚ್ಚಳವಾಗಿ ಕಾಣುತ್ತದೆ.

ತಪ್ಪು ಕಲ್ಪನೆ 6: ಮಾತಿನ ಚಿತ್ರ ಬಂದದ್ದರಿಂದ ನೈಲ್ಸ್ ಸ್ಟುಡಿಯೋ ಮುಚ್ಚಿತು.

ವಾಸ್ತವ: ಸ್ಟುಡಿಯೋಗೆ ಬೀಗ ಬಿದ್ದದ್ದು 1916ರ ಫೆಬ್ರವರಿಯಲ್ಲಿ. ಮಾತಿನ ಯುಗ ತೆರೆದ ‘ದಿ ಜಾಝ್ ಸಿಂಗರ್’ ಬಂದದ್ದು 1927ರಲ್ಲಿ. ನೈಲ್ಸ್‌ಗೆ ಏಟು ಬಿದ್ದದ್ದು ಒಳಗಿನಿಂದ. ಚಾಪ್ಲಿನ್ ಎಸ್ಸನೇ ಬಿಟ್ಟು ಮ್ಯೂಚುವಲ್ ಕಂಪನಿಗೆ ಹೋದ. ಅಲ್ಲಿ ಅವನಿಗೆ ವಾರಕ್ಕೆ 10,000 ಡಾಲರ್, ಮೇಲೆ 1,50,000 ಡಾಲರ್ ಬೋನಸ್. ಅಷ್ಟರಲ್ಲಿ ಪ್ರೇಕ್ಷಕರು ಉದ್ದದ ಚಿತ್ರಗಳ ಕಡೆ ವಾಲಿದ್ದರು. ಆಂಡರ್ಸನ್ ತನ್ನ ಪಾಲನ್ನು ಸ್ಪೂರ್‌ಗೆ ಮಾರಿ ಹೊರಬಿದ್ದ. ಸ್ಟುಡಿಯೋ ಕಟ್ಟಡವನ್ನು 1933ರಲ್ಲಿ ಕೆಡವಿದರು.

ಕಟ್ಟಡದ ಪಾಡೇ ಚಿತ್ರಗಳಿಗೂ ಬಂತು: ಅಂದಿನ ಚಿತ್ರಗಳು ನೈಟ್ರೇಟ್ ಫಿಲ್ಮಿನವು. ಬೇಗ ಬೆಂಕಿ ಹತ್ತುವ, ಇಟ್ಟಲ್ಲೇ ಕೊಳೆತು ಪುಡಿಯಾಗುವ ವಸ್ತು ಅದು. ಹಾಗಾಗಿ ಎಷ್ಟೋ ಚಿತ್ರಗಳು ಕೈಬಿಟ್ಟುಹೋದವು. ಈ ನೋವು ಕನ್ನಡಿಗರಿಗೆ ಹೊಸದಲ್ಲ. 1934ರ ಮಾರ್ಚ್ 3ರಂದು ತೆರೆಕಂಡ, ವೈ.ವಿ. ರಾವ್ ನಿರ್ದೇಶನದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಕರ್ನಾಟಕದಲ್ಲಿ ವಾಕ್ಚಿತ್ರದ ಸ್ಟುಡಿಯೋ ಇಲ್ಲದ ಕಾಲದಲ್ಲಿ ಆ ತಂಡ ಕೊಲ್ಹಾಪುರಕ್ಕೆ ಹೋಗಿ ಚಿತ್ರ ಮುಗಿಸಿತ್ತು. ಜೋಪಾನ ಮಾಡದಿದ್ದರೆ ಹಿರಿಯರ ಇಂಥ ಶ್ರಮವೂ ಹೆಸರಷ್ಟೇ ಆಗಿ ಉಳಿಯುತ್ತದೆ.

ತಪ್ಪು ಕಲ್ಪನೆ 7: ಸ್ಟುಡಿಯೋ ಹೋಯಿತು, ಆಂಡರ್ಸನ್‌ನನ್ನು ಜನ ಮರೆತರು; ಈಗ ನೋಡಲು ಏನೂ ಇಲ್ಲ.

ವಾಸ್ತವ: ಮೊದಲ ಬಾರಿ ಸ್ಟಾನ್ ಲಾರೆಲ್, ಆಲಿವರ್ ಹಾರ್ಡಿ ಒಟ್ಟಿಗೆ ಕಾಣಿಸಿಕೊಂಡ ‘ದಿ ಲಕ್ಕಿ ಡಾಗ್’ ಚಿತ್ರದ ನಿರ್ಮಾಪಕ ಇದೇ ಆಂಡರ್ಸನ್. ನಂತರ ದಶಕಗಳ ಕಾಲ ಅವನು ತೆರೆಮರೆಗೆ ಸರಿದದ್ದು ನಿಜ. ಆದರೆ 1958ರ ಮಾರ್ಚ್‌ನಲ್ಲಿ ಅಕಾಡೆಮಿ ಅವನಿಗೆ ಗೌರವ ಆಸ್ಕರ್ ಕೊಟ್ಟಿತು. ಆಗ ಅವನಿಗೆ 78 ವರ್ಷ. 1965ರ ‘ದಿ ಬೌಂಟಿ ಕಿಲ್ಲರ್’ನಲ್ಲಿ ಒಮ್ಮೆ ಮುಖ ತೋರಿಸಿ, 1971ರ ಜನವರಿ 20ರಂದು ತೀರಿಕೊಂಡ.

ಊರೂ ಮರೆತಿಲ್ಲ. 1956ರಲ್ಲಿ ಫ್ರೀಮಾಂಟ್ ನಗರದೊಳಗೆ ಸೇರಿದ ನೈಲ್ಸ್‌ನ ಹಳೆಯ ಬೀದಿಯಲ್ಲಿ, 1913ರ ಎಡಿಸನ್ ಚಿತ್ರಮಂದಿರದಲ್ಲಿ, ಈಗ ನೈಲ್ಸ್ ಎಸ್ಸನೇ ಮೂಕಿಚಿತ್ರ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಮೂಕಿಚಿತ್ರ ಹಾಕಿದಾಗ ಪಕ್ಕದಲ್ಲಿ ಕೂತು ಪಿಯಾನೋ ನುಡಿಸುತ್ತಾರೆ. ಮೂಕಿಚಿತ್ರವನ್ನು ನೋಡುವ ಸರಿಯಾದ ರೀತಿಯೇ ಅದು. ಆ ಕಾಲದಲ್ಲೂ ಚಿತ್ರಮಂದಿರ ನಿಶ್ಶಬ್ದವಾಗಿರುತ್ತಿರಲಿಲ್ಲ, ಸಂಗೀತ ಇದ್ದೇ ಇರುತ್ತಿತ್ತು.

ಬೆರ್ರಿಯೆಸಾದ ಕನ್ನಡ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಈ ನೆಲದ ಕಥೆ ಕಂಪ್ಯೂಟರ್‌ನಿಂದ ಶುರುವಾಗುತ್ತದೆ ಎಂಬ ಭಾವನೆ ಇದೆ. ಅದಕ್ಕೂ ಮೊದಲು ಇಲ್ಲಿ ತೋಟದ ಕೂಲಿಗಳಿದ್ದರು, ರೈಲು ಕೆಲಸದವರಿದ್ದರು, ಬಿಸಿಲು ಹುಡುಕಿಕೊಂಡು ಬಂದ ಸಿನಿಮಾದವರಿದ್ದರು. ಸಿನಿಮಾ ದೊಡ್ಡ ಊರಿನ ದೊಡ್ಡ ದುಡ್ಡಿನಿಂದಲೇ ಬೆಳೆಯಿತು ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. ಸಿನಿಮಾವನ್ನು ಕೈಹಿಡಿದು ನಡೆಸಿದವು ನೈಲ್ಸ್, ನಾಸಿಕ್, ಕೊಲ್ಹಾಪುರದಂಥ ಊರುಗಳೂ ಹೌದು. ಮುಂದಿನ ಸಲ ಊರಿನಿಂದ ಯಾರಾದರೂ ಬಂದರೆ ಹಾಲಿವುಡ್ ತೋರಿಸುವ ಮೊದಲು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ನೈಲ್ಸ್‌ಗೆ ಹೋಗಿಬನ್ನಿ.