ಟೋಕಿಯೊ ಕಂಡ ಕಣ್ಣಿಗೆ ರಾಯಚೂರು

1922ರಲ್ಲಿ ಹೈದರಾಬಾದ್ ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕ ಸೈಯದ್ ರಾಸ್ ಮಸೂದ್ ಜಪಾನಿಗೆ ಹೊರಟದ್ದು ಚೆರಿ ಹೂವು ನೋಡಲಿಕ್ಕಲ್ಲ, ಶಾಲೆ ನೋಡಲಿಕ್ಕೆ. ಮರುವರ್ಷ ನಿಜಾಮ ಸರ್ಕಾರಕ್ಕೆಂದು ಅಚ್ಚಾದ ಅವರ ವರದಿಯ ವಿಷಯ ಜಪಾನ್ ಮತ್ತು ಅದರ ಶಿಕ್ಷಣ ಪದ್ಧತಿ. ಪರದೇಶದ ಶಾಲೆಯೊಂದಿಗೆ ಎಕ್ಸ್‌ಚೇಂಜ್ ಶುರುಮಾಡುವ ಮೊದಲು ಮಕ್ಕಳ ಸಣ್ಣ ತಂಡವನ್ನು ಕರೆದೊಯ್ದು ತೋರಿಸಿ ತರುವ ಇಂದಿನ ಶಾಲೆಗಳು ಈ ಹಳೆಯ ಪ್ರಯಾಣವನ್ನು ಒಮ್ಮೆ ಗಮನಿಸಬೇಕು. ಹೋಗುವವರ ಕೈಯಲ್ಲಿ ಊರಿನ ಪ್ರಶ್ನೆಯೊಂದು ಇರಬೇಕು ಎಂಬುದಕ್ಕೂ, ಆ ಪ್ರಶ್ನೆ ಅರೆಬರೆಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೂ ಇಷ್ಟು ಒಳ್ಳೆಯ ಉದಾಹರಣೆ ಹೈದರಾಬಾದಿನಲ್ಲಿ ಮತ್ತೊಂದಿಲ್ಲ.

ಮಸೂದರ ಪ್ರಶ್ನೆ ಸಣ್ಣದಾಗಿರಲಿಲ್ಲ. ಇಂಗ್ಲಿಷನ್ನು ಕಟ್ಟಿಕೊಳ್ಳದೆಯೇ ಏಷ್ಯಾದ ಒಂದು ದೇಶ ವಿಜ್ಞಾನ, ವೈದ್ಯ, ಎಂಜಿನಿಯರಿಂಗ್ ಎಲ್ಲವನ್ನೂ ತನ್ನ ಭಾಷೆಯಲ್ಲೇ ಹೇಗೆ ಕಲಿಸಿತು? ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1917ರಲ್ಲಿ ಫರ್ಮಾನು ಹೊರಡಿಸಿ, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಉರ್ದು ಮಾಧ್ಯಮದಲ್ಲಿ ಸ್ಥಾಪಿಸಿಯಾಗಿತ್ತು. ಪಠ್ಯಪುಸ್ತಕಗಳ ಅನುವಾದಕ್ಕೆಂದೇ ಒಂದು ಇಲಾಖೆ ಹಗಲಿರುಳು ದುಡಿಯುತ್ತಿತ್ತು. ಹೆಣ್ಣು ನೋಡಲು ಹೊರಡುವ ಮೊದಲೇ ತಾಂಬೂಲ ಬದಲಾಯಿಸಿಕೊಂಡಂತೆ, ಉತ್ತರ ಮೊದಲೇ ಸಿದ್ಧವಿತ್ತು, ಸಾಕ್ಷಿಯಷ್ಟೇ ಬೇಕಿತ್ತು. ಜಪಾನ್ ಆ ಸಾಕ್ಷಿಯನ್ನು ಧಾರಾಳವಾಗಿಯೇ ಕೊಟ್ಟಿತು. (ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ದರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಜಲಾಶಯಗಳ ಯೋಜನೆ ಹಾಕಿಕೊಟ್ಟವರೂ ಅವರೇ. ಆ ಕಾಲದ ಸಂಸ್ಥಾನಗಳಿಗೆ ಜಪಾನ್ ಒಂದು ಗೀಳೇ ಆಗಿತ್ತು.)

ಈ ಮಸೂದ್ ಎಂಬ ಮನುಷ್ಯನನ್ನು ಸುಲಭವಾಗಿ ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಅಲಿಗಢದ ಸರ್ ಸೈಯದ್ ಅಹ್ಮದ್ ಖಾನರ ಮೊಮ್ಮಗ. ಆಕ್ಸ್‌ಫರ್ಡ್ ಸೇರುವ ಮುನ್ನ, 1906ರಲ್ಲಿ, ಆತನಿಗೆ ಲ್ಯಾಟಿನ್ ಪಾಠ ಹೇಳಲು ಸಿಕ್ಕಿದವನು ಇನ್ನೂ ಹೆಸರು ಮಾಡದ ಯುವಕ ಇ.ಎಂ. ಫಾರ್ಸ್ಟರ್. ಲ್ಯಾಟಿನ್ ಎಷ್ಟು ತಲೆಗೆ ಹತ್ತಿತೋ ಏನೋ, ಮೇಷ್ಟ್ರಿಗಂತೂ ಹುಡುಗನಿಂದ ಭಾರತದ ಹುಚ್ಚು ಹತ್ತಿತು. 1912ರಲ್ಲಿ ಫಾರ್ಸ್ಟರ್ ಹಡಗು ಹತ್ತಿ ಭಾರತಕ್ಕೆ ಬಂದರು. 1921ರಲ್ಲಿ ದೇವಾಸ್ ಮಹಾರಾಜರ ಕಾರ್ಯದರ್ಶಿಯಾಗಿ ಮತ್ತೆ ಬಂದಾಗ ಹೈದರಾಬಾದಿನಲ್ಲಿ ಮಸೂದರ ಮನೆಯಲ್ಲೂ ತಂಗಿದ್ದರು. ಅವರ 1924ರ ಕಾದಂಬರಿ ‘ಎ ಪ್ಯಾಸೇಜ್ ಟು ಇಂಡಿಯಾ’ ಅರ್ಪಣೆಯಾದದ್ದು ಮಸೂದರಿಗೆ. ಯಾವ ಇಲಾಖೆಯ ಅನುದಾನವೂ ಇಲ್ಲದೆ, ಯಾವ ಶಾಲೆಯ ಮುದ್ರೆಯೂ ಇಲ್ಲದೆ ನಡೆದ ಈ ಕೊಡುಕೊಳ್ಳುವಿಕೆಯೇ ನಿಜವಾದ ಎಕ್ಸ್‌ಚೇಂಜ್ ಎನ್ನುವುದು ನನ್ನ ಪಕ್ಷಪಾತ. ಕಲಿಸುವವನು ಕಲಿತ, ಅತಿಥಿಯಾಗಿದ್ದವನು ಮುಂದೆ ಆತಿಥೇಯನಾದ. ಇದಕ್ಕೆ ಹೋಲಿಸಿದರೆ ನಿಜಾಮ ಸರ್ಕಾರದ ವಿದೇಶಿ ವಿದ್ಯಾರ್ಥಿವೇತನಗಳು ಒಮ್ಮುಖದವು. 1895ರಲ್ಲಿ ಹದಿನಾರರ ಸರೋಜಿನಿ ಚಟ್ಟೋಪಾಧ್ಯಾಯ, ಅಂದರೆ ಮುಂದಿನ ಸರೋಜಿನಿ ನಾಯ್ಡು, ಅಂಥ ವೇತನದಲ್ಲಿ ಇಂಗ್ಲೆಂಡಿಗೆ ಹೋದರು. ಅವರಿಂದ ನಾಡಿಗೆ ಬಹಳ ಸಿಕ್ಕಿತು, ನಿಜ. ಆದರೆ ಅದಕ್ಕೆ ಪ್ರತಿಯಾಗಿ ಲಂಡನ್ನಿನ ಹುಡುಗಿಯೊಬ್ಬಳು ಹೈದರಾಬಾದಿನಲ್ಲಿ ಓದಲಿ ಎಂಬ ಯೋಚನೆ ಆ ಏರ್ಪಾಡಿನೊಳಗೆ ಇರಲಿಲ್ಲ.

ಜಪಾನಿಗೆ ಮರಳೋಣ. ಮಸೂದರು ಮೆಚ್ಚಿದ ಜಪಾನ್ ಕೂಡ ಮಕ್ಕಳನ್ನು ಹೊರಗೆ ಕಳಿಸಿಯೇ ಬೆಳೆದದ್ದು. 1871ರ ಡಿಸೆಂಬರಿನಲ್ಲಿ ಯೊಕೊಹಾಮಾದಿಂದ ಅಮೆರಿಕ, ಯುರೋಪಿನತ್ತ ಹೊರಟ ಜಪಾನ್ ಸರ್ಕಾರದ ಇವಾಕುರಾ ನಿಯೋಗದಲ್ಲಿ ಮಂತ್ರಿಗಳ ಜೊತೆ ಹತ್ತಾರು ವಿದ್ಯಾರ್ಥಿಗಳಿದ್ದರು. ಐವರು ಹುಡುಗಿಯರಿದ್ದರು. ಎಲ್ಲರಿಗಿಂತ ಚಿಕ್ಕವಳು ಆರು ವರ್ಷದ ತ್ಸುದಾ ಉಮೆಕೊ. ಅಮೆರಿಕದಲ್ಲಿ ಹನ್ನೊಂದು ವರ್ಷ ಕಳೆದು 1882ರಲ್ಲಿ ಮರಳಿದಾಗ ಅವಳಿಗೆ ಜಪಾನಿ ಭಾಷೆಯೇ ಮರೆತುಹೋಗಿತ್ತು. ತನ್ನ ಮನೆಯವರೊಡನೆ ಮಾತಾಡಲು ಹೊಸದಾಗಿ ಕಲಿಯಬೇಕಾಯಿತು. ಆಮೇಲೆ 1900ರಲ್ಲಿ ಆಕೆ ಕಟ್ಟಿದ ಹೆಣ್ಣುಮಕ್ಕಳ ಶಾಲೆ ಇಂದು ವಿಶ್ವವಿದ್ಯಾಲಯ. 2024ರಿಂದ ಜಪಾನಿನ ಐದು ಸಾವಿರ ಯೆನ್ ನೋಟಿನ ಮೇಲೆ ಆಕೆಯ ಮುಖವಿದೆ. ಯಶಸ್ಸಿನ ಕಥೆಯೇ, ಆದರೆ ಬೆಲೆ ತೆತ್ತದ್ದು ಒಂದು ಮಗು. ನಂತರದ ಜಪಾನ್ ಹೆಚ್ಚಾಗಿ ಬೆಳೆದವರನ್ನು ಕಳಿಸಿತು. ಅವರು ಮರಳಿದ ಮೇಲೆ ವಿದೇಶಿ ಅಧ್ಯಾಪಕರ ಜಾಗದಲ್ಲಿ ಕೂರಿಸಿತು. 1900ರಲ್ಲಿ ಲಂಡನ್ನಿಗೆ ಹೋದ, ಮುಂದೆ ಕಾದಂಬರಿಕಾರನಾದ ನತ್ಸುಮೆ ಸೋಸೆಕಿ, ಬಂದ ಮೇಲೆ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಲಫ್ಕಾಡಿಯೊ ಹರ್ನ್ ಎಂಬ ವಿದೇಶಿ ಅಧ್ಯಾಪಕನ ಪೀಠದಲ್ಲಿ ಕುಳಿತ. ಹೋಗುವುದಕ್ಕಿಂತ ಮರಳಿ ಬಂದು ಮಾಡುವ ಕೆಲಸಕ್ಕೆ ಅಲ್ಲಿ ಹೆಚ್ಚು ಲೆಕ್ಕಾಚಾರವಿತ್ತು.

ಮಸೂದರ ಪ್ರಯಾಣ ಎಡವಿದ್ದು ಮರಳಿ ಬಂದ ಮೇಲಿನ ಈ ಲೆಕ್ಕಾಚಾರದಲ್ಲೇ. ಟೋಕಿಯೊದ ತರಗತಿಯ ಭಾಷೆಯೇ ಆ ಮಕ್ಕಳ ಮನೆಯ ಭಾಷೆ. ಹೈದರಾಬಾದ್ ಸಂಸ್ಥಾನದಲ್ಲಿ ಹಾಗಿರಲಿಲ್ಲ. ಸುಮಾರು ಅರ್ಧದಷ್ಟು ಜನ ತೆಲುಗಿನವರು, ಕಾಲು ಭಾಗ ಮರಾಠಿಗರು, ಶೇ 12ರ ಆಸುಪಾಸು ಕನ್ನಡಿಗರು. ಉರ್ದು ಮನೆಮಾತಾಗಿದ್ದದ್ದು ಶೇ 10ರಷ್ಟು ಮಂದಿಗೆ. ಜಪಾನಿನ ಪಾಠವನ್ನು ನೆಟ್ಟಗೆ ಓದಿದ್ದರೆ ಅದು ಸಂಸ್ಥಾನದ ಕನ್ನಡ ಊರುಗಳಾದ ರಾಯಚೂರಿಗೆ, ಕಲಬುರಗಿಗೆ, ಬೀದರಿಗೆ ಕನ್ನಡದ ಕಾಲೇಜು ಬೇಕೆಂದು ಹೇಳಬೇಕಿತ್ತು. ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಲ್ಲ. ಪ್ರಾಥಮಿಕ ಹಂತದಲ್ಲಿ ಊರಿನ ಭಾಷೆಗೆ ಜಾಗವಿತ್ತು. ನಾಲ್ಕು ಭಾಷೆಗಳಲ್ಲಿ ವಿಶ್ವವಿದ್ಯಾಲಯ ನಡೆಸುವುದು ಯಾವ ಖಜಾನೆಗೂ ಕಷ್ಟ. ಇಂಗ್ಲಿಷಿಗಿಂತ ಉರ್ದು ಎಷ್ಟೋ ಹತ್ತಿರ. ಮೂರನ್ನೂ ಒಪ್ಪಬಹುದು. ಆದರೆ ಉರ್ದುವಿನಲ್ಲೂ ಪಠ್ಯಪುಸ್ತಕ ಇರಲಿಲ್ಲ, ದುಡ್ಡು ಸುರಿದು ಹುಟ್ಟಿಸಲಾಯಿತು. ಆ ಶ್ರಮದ ಒಂದು ಪಾಲೂ ಕನ್ನಡಕ್ಕೆ ಬಾರದ್ದಕ್ಕೆ ಖಜಾನೆಯೊಂದೇ ಕಾರಣವೆನ್ನುವುದು ನಂಬಲಾಗದ ಮಾತು. ಕಲಬುರಗಿಯ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ ಇಂಥವು ಹುಟ್ಟಿದ್ದು ಸರ್ಕಾರ ಬಿಟ್ಟ ಜಾಗದಲ್ಲಿ, ಜನರ ಚಂದಾದಿಂದ. 1948ರಲ್ಲಿ ಸಂಸ್ಥಾನ ಮುಳುಗಿದ ಮೇಲೆ ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು.

ಇಷ್ಟು ಹಳೆಯ ಕಥೆಯನ್ನು ಹೈಸ್ಕೂಲಿನ ಮಕ್ಕಳ ತಲೆಗೆ ಕಟ್ಟಬೇಕೆ, ವಿಮಾನ ಹತ್ತಿ ನಾಲ್ಕು ಊರು ನೋಡಿ ಬಂದರೆ ಸಾಲದೆ ಎಂದು ಕೇಳಬಹುದು. ಸಾಕು, ಅದಕ್ಕೂ ಬೆಲೆಯಿದೆ. ಆದರೆ ಆಗ ಅದು ಪ್ರವಾಸ, ಅದರ ಖರ್ಚನ್ನು ಶಿಕ್ಷಣದ ಹೆಸರಿನಲ್ಲಿ ಪೋಷಕರ ಮೇಲೆ ಹೊರಿಸಬಾರದು. ಹಣವಿದ್ದವರಿಗಷ್ಟೇ ಇವೆಲ್ಲ ಎಂಬ ಎರಡನೆಯ ಆಕ್ಷೇಪ ಇಂದು ಪೂರ್ತಿ ನಿಜವಲ್ಲ. ಜಪಾನ್ 2014ರಲ್ಲಿ ಆರಂಭಿಸಿದ ಸಕುರಾ ವಿಜ್ಞಾನ ಕಾರ್ಯಕ್ರಮದಲ್ಲಿ ಭಾರತದ ಸರ್ಕಾರಿ ಶಾಲೆಯ ಮಕ್ಕಳೂ ಖರ್ಚಿಲ್ಲದೆ ಹೋಗಿಬರುತ್ತಾರೆ. 2002ರಲ್ಲಿ ಅಮೆರಿಕ ಆರಂಭಿಸಿದ ಕೆನಡಿ-ಲೂಗರ್ ‘ಯೆಸ್’ ಯೋಜನೆಯಲ್ಲಿ ಹೊರದೇಶಗಳ ಮಕ್ಕಳು ಒಂದು ಶೈಕ್ಷಣಿಕ ವರ್ಷವಿಡೀ ಅಮೆರಿಕನ್ ಕುಟುಂಬವೊಂದರ ಜೊತೆ ಇರುತ್ತಾರೆ. 2009ರಿಂದ ಅಲ್ಲಿನ ಮಕ್ಕಳನ್ನು ಹೊರದೇಶಗಳಿಗೆ ಕಳಿಸುವ ಮರುದಾರಿಯೂ ಅದಕ್ಕಿದೆ. ಈ ಮರುದಾರಿಯಲ್ಲೇ ನನಗೆ ಹೆಚ್ಚು ನಂಬಿಕೆ. ಹೈದರಾಬಾದ್ ವಿಶ್ವವಿದ್ಯಾಲಯ 1998ರಿಂದ ವಿದೇಶಿ ವಿದ್ಯಾರ್ಥಿಗಳಿಗಾಗಿ ವಿಶೇಷ ಕಾರ್ಯಕ್ರಮ ನಡೆಸುತ್ತಿದೆ. ಕಾಲೇಜು ಮಟ್ಟದಲ್ಲಿ ಆದದ್ದು ಶಾಲೆಗೆ ಆಗದ್ದೇನಲ್ಲ. ಮುಂಗಡ ಪ್ರವಾಸಕ್ಕೆ ಹೊರಡುವ ತಂಡವನ್ನು ಮೊದಲು ಬೀದರಿನದೋ ರಾಯಚೂರಿನದೋ ಒಂದು ಕನ್ನಡ ಶಾಲೆಯಲ್ಲಿ ಕೆಲ ದಿನ ಕೂರಿಸಲಿ, ಅಲ್ಲಿನ ಮಕ್ಕಳನ್ನು ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳಲಿ. ಇದಕ್ಕೆ ವೀಸಾ ಬೇಡ, ಬಸ್ಸಿನ ಟಿಕೆಟ್ ಸಾಕು. ಪೋಷಕರು ಒಪ್ಪುವುದಿಲ್ಲ ಎನ್ನುವ ಮುಖ್ಯೋಪಾಧ್ಯಾಯರು ಇರಬಹುದು. ಪಕ್ಕದ ಜಿಲ್ಲೆಯ ಹುಡುಗನಿಗೆ ಕೆಲ ದಿನ ಊಟ ಹಾಕಲು ಒಪ್ಪದ ಮನೆ ಒಸಾಕಾದ ಹುಡುಗನನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ಅವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ಪೋಷಕರ ಸಭೆಯಲ್ಲೇ ಕೇಳಲಿ.